ಸಬರ್ಬನ್ ಎಸ್‌ಡಬ್ಲ್ಯೂ6ಡಿಇ: ಆರ್‌ವಿಯ ಗೀಸರ್ ಸೋರಿದರೆ ಮೊದಲು ಎಲ್ಲಿ ನೋಡಬೇಕು

ಅಮೆರಿಕದ ಆರ್‌ವಿಗಳ, ಅಂದರೆ ಮಲಗಲು ಅಡುಗೆಗೆಲ್ಲ ಜಾಗವಿರುವ ಪ್ರವಾಸಿ ಗಾಡಿಗಳ, ಹೊರಗೋಡೆಯಲ್ಲಿ ಜಾಲರಿಯಂಥ ಕಿಂಡಿಗಳಿರುವ ಒಂದು ಚೌಕದ ತಗಡಿನ ಬಾಗಿಲು ಇರುತ್ತದಲ್ಲ, ಎಷ್ಟೋ ಗಾಡಿಗಳಲ್ಲಿ ಅದರ ಹಿಂದೆ ಕೂತಿರುವುದು ಸಬರ್ಬನ್ ಕಂಪನಿಯ ಈ ಗೀಸರ್. 6 ಗ್ಯಾಲನ್, ಅಂದರೆ 22 ಲೀಟರಿಗೆ ಸ್ವಲ್ಪ ಮೇಲೆ. ಗ್ಯಾಸಿನಲ್ಲಿ ಗಂಟೆಗೆ 12,000 ಬಿಟಿಯು (ಶಾಖದ ಅಳತೆ), ಕ್ಯಾಂಪ್‌ಗ್ರೌಂಡಿನ 120 ವೋಲ್ಟ್ ಕರೆಂಟಿನಲ್ಲಿ 1440 ವಾಟ್. ಎರಡನ್ನೂ ಒಟ್ಟಿಗೆ ಹಾಕಿದರೆ ಬೇಗ ಕಾಯುತ್ತದೆ. ಅದರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಈ ವಿಮರ್ಶೆ ಸೋರಿಕೆಯ ಬಗ್ಗೆ ಮಾತ್ರ, ಏಕೆಂದರೆ ಗಾಡಿಯ ಕೆಳಗೆ ನೀರು ಕಂಡ ಕೂಡಲೇ ‘ಟ್ಯಾಂಕ್ ಹೋಯ್ತು’ ಅಂದುಕೊಂಡು ಇಡೀ ಗೀಸರ್ ಬದಲಿಸಲು ಹೊರಡುವವರು ಬಹಳ. ಟ್ಯಾಂಕಿನ ಮೇಲೆ ಅನುಮಾನ ಪಡುವುದು ಎಲ್ಲಕ್ಕಿಂತ ಕೊನೆಗೆ.

ಮೊದಲು ಸೋರುತ್ತಿರುವುದು ಗೀಸರೇ ಹೌದೋ ಅಲ್ಲವೋ ಗೊತ್ತುಮಾಡಿಕೊಳ್ಳಿ. ಹೊರಗಿನ ನೀರಿನ ಪೈಪ್ ತೆಗೆದು ಗಾಡಿಯ ಸ್ವಂತ ಟ್ಯಾಂಕಿನಿಂದ ಪಂಪ್ ಹಾಕಿ. ಒತ್ತಡ ತುಂಬಿದ ಮೇಲೆ ಪಂಪ್ ನಿಂತು ಸುಮ್ಮನಿರಬೇಕು. ಯಾರೂ ನಲ್ಲಿ ಮುಟ್ಟದೆ ಅದು ಆಗಾಗ ‘ಡರ್ರ್’ ಎಂದು ಎದ್ದು ಮತ್ತೆ ಮಲಗಿದರೆ ಎಲ್ಲೋ ನೀರು ಹೋಗುತ್ತಿದೆ. ಈಗ ಗೀಸರಿನ ಹಿಂಬದಿಯ ಬೈಪಾಸ್, ಅಂದರೆ ನೀರು ಗೀಸರಿಗೆ ಹೋಗದೆ ಪಕ್ಕದಿಂದ ಹಾಯುವಂತೆ ಮಾಡುವ ವಾಲ್ವ್, ತಿರುಗಿಸಿ. ಮೂರು ವಾಲ್ವಿನ ವ್ಯವಸ್ಥೆಯಾದರೆ ಒಳಗೆ ಹೋಗುವುದನ್ನೂ ಹೊರಗೆ ಬರುವುದನ್ನೂ ಮುಚ್ಚಿ, ನಡುವಿನದನ್ನು ತೆರೆಯಿರಿ. ಪಂಪ್ ಮೌನವಾದರೆ ಕಳ್ಳ ಗೀಸರಿನ ಹತ್ತಿರವೇ ಇದ್ದಾನೆ. ಆಗಲೂ ಡರ್ರ್ ಎನ್ನುತ್ತಿದ್ದರೆ ಬೇರೆ ಪೈಪುಗಳನ್ನು ನೋಡಿ. ಪಂಪಿನ ಒಳಗಿನ ಚೆಕ್ ವಾಲ್ವ್ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಸವೆದು ನೀರು ಹಿಂದಕ್ಕೆ ಇಳಿದರೂ ಇದೇ ಸದ್ದು ಬರುತ್ತದೆ. ಆಗ ಎಷ್ಟು ಹುಡುಕಿದರೂ ಒಂದು ತೊಟ್ಟು ಸಿಗುವುದಿಲ್ಲ.

ಹೊರಬಾಗಿಲು ತೆರೆದರೆ ಮೇಲ್ಭಾಗದಲ್ಲಿ ಹಿಡಿಯಿರುವ ಹಿತ್ತಾಳೆಯ ವಾಲ್ವ್ ಕಾಣುತ್ತದೆ. ಇದು ಪ್ರೆಶರ್ ರಿಲೀಫ್ ವಾಲ್ವ್. ಒತ್ತಡ 150 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಅಳತೆ) ಅಥವಾ ಬಿಸಿ 210 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ತೆರೆದುಕೊಳ್ಳುತ್ತದೆ. ಸೋರಿಕೆಯ ದೂರುಗಳಲ್ಲಿ ದೊಡ್ಡ ಪಾಲು ಇಲ್ಲಿಂದ ತೊಟ್ಟಿಕ್ಕುವುದರದ್ದು, ಅದರಲ್ಲಿ ಬಹುಪಾಲು ವಾಲ್ವಿನ ತಪ್ಪಲ್ಲ. 15 ಡಿಗ್ರಿ ಸೆಲ್ಸಿಯಸ್‌ನ ನೀರು ಈ ಗೀಸರಿನ ಥರ್ಮೋಸ್ಟಾಟ್ ಮಟ್ಟಕ್ಕೆ, ಅಂದರೆ 130 ಫ್ಯಾರನ್‌ಹೀಟ್ ಅಥವಾ 54 ಸೆಲ್ಸಿಯಸ್‌ಗೆ ಕಾಯುವಾಗ ಟ್ಯಾಂಕಿನ ನೀರು ಸುಮಾರು 300 ಮಿಲಿಲೀಟರ್ ಹಿಗ್ಗುತ್ತದೆ, ಒಂದು ದೊಡ್ಡ ಲೋಟದಷ್ಟು. ಪಂಪ್ ಕಡೆಯಲ್ಲೂ ಹೊರನೀರಿನ ಕಡೆಯಲ್ಲೂ ಚೆಕ್ ವಾಲ್ವ್ ಇರುವುದರಿಂದ ಅದು ಹಿಂದಕ್ಕೆ ಹೋಗುವಂತಿಲ್ಲ. ಟ್ಯಾಂಕಿನ ನೆತ್ತಿಯಲ್ಲಿ ಉಳಿದಿರುವ ಗಾಳಿಯ ಗುಳ್ಳೆಯೇ ಆ ಒಂದು ಲೋಟವನ್ನು ತಡೆದುಕೊಳ್ಳಬೇಕು. ದಿನಗಳೆದಂತೆ ಗಾಳಿ ನೀರಿನಲ್ಲಿ ಕರಗಿ ಹೋಗುತ್ತದೆ, ವಾಲ್ವ್ ಅಳಲು ಶುರುಮಾಡುತ್ತದೆ. ಬೆಂಗಳೂರಿನ ಮನೆಗಳಲ್ಲಿ ಗೀಸರಿನ ಸೇಫ್ಟಿ ವಾಲ್ವಿನಿಂದ ತೊಟ್ಟಿಕ್ಕುವುದನ್ನು ನೋಡಿದವರಿಗೆ ಇದು ಹೊಸದಲ್ಲ.

ಪರಿಹಾರಕ್ಕೆ ದುಡ್ಡು ಬೇಕಿಲ್ಲ. ಗ್ಯಾಸ್, ಕರೆಂಟ್ ಎರಡನ್ನೂ ಆಫ್ ಮಾಡಿ ನೀರು ತಣ್ಣಗಾಗಲು ಬಿಡಿ. ಪಂಪನ್ನೂ ಹೊರನೀರನ್ನೂ ನಿಲ್ಲಿಸಿ. ಒಳಗೆ ಒಂದು ಬಿಸಿನೀರಿನ ನಲ್ಲಿ ತೆರೆಯಿರಿ. ಈಗ ರಿಲೀಫ್ ವಾಲ್ವಿನ ಹಿಡಿ ಎತ್ತಿ, ನೀರು ತಾನಾಗಿ ನಿಲ್ಲುವವರೆಗೆ ಹಿಡಿದಿರಿ. ಆಮೇಲೆ ಹಿಡಿಯನ್ನು ಪಟ್ಟನೆ ಬಿಟ್ಟುಬಿಡಿ. ನಿಧಾನಕ್ಕೆ ಇಳಿಸಿದರೆ ಅದು ಸರಿಯಾಗಿ ಕೂರುವುದಿಲ್ಲ. ನಲ್ಲಿ ಮುಚ್ಚಿ, ನೀರು ಬಿಡಿ. ಇಷ್ಟು ಮಾಡಿದರೂ ತಣ್ಣೀರಿನಲ್ಲೇ ತೊಟ್ಟಿಕ್ಕಿದರೆ ವಾಲ್ವಿನ ಬಾಯಿಯಲ್ಲಿ ಸುಣ್ಣದ ಕಣವೋ ಮರಳೋ ಸಿಕ್ಕಿರಬಹುದು. ನಾಲ್ಕೈದು ಸಲ ಹಿಡಿ ಎತ್ತಿಬಿಟ್ಟು ತೊಳೆಯಿರಿ, ಆಗದಿದ್ದರೆ ಬದಲಿಸಿ. ಹೊಸ ವಾಲ್ವ್ ಅದೇ ಅಳತೆಯದ್ದು, ಅದೇ 150 ಪಿಎಸ್‌ಐಯದ್ದೇ ಆಗಿರಬೇಕು. ಸೋರುತ್ತದೆಂದು ಅದರ ಬಾಯಿಗೆ ಪ್ಲಗ್ ಬಿಗಿಯುವುದು ಟ್ಯಾಂಕನ್ನು ಬಾಂಬ್ ಮಾಡಿದಂತೆ.

ಪದೇ ಪದೇ ಇದೇ ಕಾಟವಾದರೆ ಹೊರನೀರಿನ ಒತ್ತಡ ಅಳೆಯಿರಿ. ಕೆಲವು ಕ್ಯಾಂಪ್‌ಗ್ರೌಂಡುಗಳಲ್ಲಿ 100 ಪಿಎಸ್‌ಐ ದಾಟುವುದೂ ಉಂಟು. ಗಾಡಿಗೆ 40ರಿಂದ 60 ಸಾಕು, ಗೇಜ್ ಇರುವ ರೆಗ್ಯುಲೇಟರನ್ನು ನಲ್ಲಿಯ ಬುಡದಲ್ಲೇ ಹಾಕಿ. ಇಲ್ಲವೇ ಪಂಪಿನಿಂದ ಬರುವ ಲೈನಿಗೆ ಹಿಗ್ಗಿದ ನೀರಿಗೆ ಜಾಗ ಕೊಡುವ ಪುಟ್ಟ ಅಕ್ಯುಮುಲೇಟರ್ ಟ್ಯಾಂಕ್ ಜೋಡಿಸಿ. ಅದಕ್ಕೂ ಗೀಸರಿಗೂ ನಡುವೆ ಚೆಕ್ ವಾಲ್ವ್ ಇದ್ದರೆ ಹಾಕಿಯೂ ಉಪಯೋಗವಿಲ್ಲ.

ಕೆಳಗೆ ನಡುವಿನಲ್ಲಿರುವ ದೊಡ್ಡ ಬೋಲ್ಟ್ ತಲೆ ಆನೋಡ್ ರಾಡಿನದ್ದು. ಟ್ಯಾಂಕಿನ ನೀರು ಖಾಲಿ ಮಾಡುವ ಪ್ಲಗ್ ಕೂಡ ಅದೇ. 1-1/16 ಇಂಚಿನ ಸಾಕೆಟ್, ಮುಕ್ಕಾಲು ಇಂಚಿನ ಥ್ರೆಡ್. ಒಳಗೆ ಒತ್ತಡವಿರುವಾಗ ತೆಗೆಯಲು ಹೋದರೆ ರಾಡ್ ಗುಂಡಿನಂತೆ ಹಾರುತ್ತದೆ, ಬಿಸಿನೀರು ಅದರ ಹಿಂದೆಯೇ. ಆದ್ದರಿಂದ ಮೊದಲು ರಿಲೀಫ್ ವಾಲ್ವ್ ಎತ್ತಿ ಒತ್ತಡ ಬಿಡಿ. ಹೊಸ ರಾಡ್ ಹೆಬ್ಬೆರಳಿನ ದಪ್ಪದ ನುಣುಪಾದ ಮೆಗ್ನೀಸಿಯಂ ಸರಳು. ವರ್ಷ ಕಳೆದದ್ದು ಇಲಿ ಕಡಿದ ಕಬ್ಬಿನ ಜಲ್ಲೆಯಂತಾಗಿ, ಅಲ್ಲಲ್ಲಿ ನಡುವಿನ ತಂತಿ ಇಣುಕುತ್ತಿರುತ್ತದೆ. ಮುಕ್ಕಾಲು ಪಾಲು ಸವೆದಿದ್ದರೆ ಬದಲಿಸಿ. ಟ್ಯಾಂಕ್ ಉಕ್ಕಿನದು, ಒಳಗೆ ಪೋರ್ಸಿಲೇನ್ ಲೇಪ. ಲೇಪ ಬಿರುಕು ಬಿಟ್ಟ ಕಡೆ ತುಕ್ಕು ಹಿಡಿಯದಂತೆ ಈ ರಾಡ್ ತಾನು ಕರಗುತ್ತದೆ. ಕೊಳಾಯಿ ಅಂಗಡಿಯ ಮಾಮೂಲಿ ಪ್ಲಗ್ ಹಾಕಿದರೆ ಸೋರಿಕೆ ಇವತ್ತು ನಿಲ್ಲುತ್ತದೆ, ಟ್ಯಾಂಕ್ ಸಾಯುತ್ತದೆ. ಥ್ರೆಡ್ ಒರೆಸಿ ಟೆಫ್ಲಾನ್ ಟೇಪ್ ಎರಡು ಮೂರು ಸುತ್ತು ಹಾಕಿ, ಮೊದಲು ಕೈಯಲ್ಲೇ ತಿರುಗಿಸಿ. ಓರೆಯಾಗಿ ಹತ್ತಿಸಿ ಸಾಕೆಟ್ಟಿನಿಂದ ಬಲವಂತ ಮಾಡಿದರೆ ಟ್ಯಾಂಕಿನ ಥ್ರೆಡ್ಡೇ ಹಾಳು.

ಕರೆಂಟ್ ಎಲಿಮೆಂಟ್ ಕೂಡ ಹೊರಗಿನಿಂದಲೇ ಸಿಗುತ್ತದೆ, ಇದು ಈ ಮಾದರಿಯ ಒಂದು ಉಪಕಾರ. ಅದರ ಗ್ಯಾಸ್ಕೆಟ್ ಒಣಗಿ ಸೋರಿದರೆ ಗಾಡಿಯ ಪ್ಲಗ್ ಕಿತ್ತು, ಬ್ರೇಕರ್ ಇಳಿಸಿ, ಟ್ಯಾಂಕ್ ಖಾಲಿ ಮಾಡಿದ ಮೇಲೆ ಒಂದೂವರೆ ಇಂಚಿನ ಸಾಕೆಟ್ ಹಾಕಿ. ಮತ್ತೆ ಸ್ವಿಚ್ ಹಾಕುವ ಮುಂಚೆ ಬಿಸಿನೀರಿನ ನಲ್ಲಿಯಲ್ಲಿ ಗಾಳಿಯಿಲ್ಲದೆ ನೀರು ಸರಾಗ ಬರಲಿ. ನೀರಿಲ್ಲದ ಟ್ಯಾಂಕಿನಲ್ಲಿ ಎಲಿಮೆಂಟ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಉಪಕಾರ ಅಲ್ಲಿಗೆ ಮುಗಿಯಿತು. ತಣ್ಣೀರು ಬರುವ, ಬಿಸಿನೀರು ಹೋಗುವ ಜೋಡಣೆಗಳು ಹಿಂಬದಿಯಲ್ಲಿ, ಮಂಚದ ಕೆಳಗೋ ಅಡುಗೆಕಟ್ಟೆಯ ಒಳಗೋ ಇರುತ್ತವೆ. ತಿಂಗಳುಗಟ್ಟಲೆ ಜಿನುಗಿ ಪ್ಲೈವುಡ್ ನೆಲ ಮೆತ್ತಗಾದ ಮೇಲೆಯೇ ಸಂಗತಿ ಬೆಳಕಿಗೆ ಬರುವುದು. ಹೆಚ್ಚಾಗಿ ಸೀಳುವುದು ಬಿಸಿನೀರಿನ ಬಾಯಿಯಲ್ಲಿರುವ ಪ್ಲಾಸ್ಟಿಕ್ ಚೆಕ್ ವಾಲ್ವ್. ಚಳಿಗಾಲದಲ್ಲಿ ಒಂದಿಷ್ಟು ನೀರು ಉಳಿದು ಹೆಪ್ಪುಗಟ್ಟಿದರೆ ಸಾಕು. ಎಲ್ಲ ಒರೆಸಿ, ಒಂದೊಂದು ಜಾಯಿಂಟಿಗೂ ಒಣ ಟಿಶ್ಯೂ ಪೇಪರ್ ಸುತ್ತಿ, ಗೀಸರ್ ಹಾಕಿ ಅರ್ಧ ಗಂಟೆ ಕಾಯಿರಿ. ಮೊದಲು ಒದ್ದೆಯಾದದ್ದೇ ಮೂಲ, ಅದರ ಕೆಳಗಿನದು ಬರೀ ದಾರಿ. ಪ್ಲಾಸ್ಟಿಕ್ ಕಿತ್ತು ಹಿತ್ತಾಳೆಯದ್ದು ಹಾಕಿ.

ಇವೆಲ್ಲ ಒಣಗಿದ್ದೂ ಟ್ಯಾಂಕಿನ ಅಡಿಯಿಂದ ಕಂದು ನೀರು ಇಳಿದರೆ ಟ್ಯಾಂಕ್ ತೂತಾಗಿದೆ ಅನ್ನಿ. ಅದಕ್ಕೆ ಎಂಸೀಲ್, ವೆಲ್ಡಿಂಗ್ ಯಾವುದೂ ನಿಲ್ಲುವುದಿಲ್ಲ. ಆದರೆ ತಣ್ಣನೆಯ ಟ್ಯಾಂಕಿಗೆ ಗ್ಯಾಸ್ ಹಚ್ಚಿದ ಆರಂಭದಲ್ಲಿ ಬರ್ನರ್ ಕೊಳವೆಯಿಂದ ನಾಲ್ಕು ಹನಿ ಬೀಳುವುದು ಉರಿಯ ಹಬೆ ತಣಿದು ನೀರಾದದ್ದು, ಟ್ಯಾಂಕ್ ಕಾದಂತೆ ನಿಲ್ಲುತ್ತದೆ. ಮಳೆ ಬಂದಾಗ ಮಾತ್ರ ಒಳಗೆ ಒದ್ದೆಯಾದರೆ ಹೊರಚೌಕಟ್ಟಿನ ಸಂದಿನಲ್ಲಿ ನೀರು ತಡೆಯುವ ಅಂಟುಪಟ್ಟಿ, ಅಂದರೆ ಬ್ಯುಟೈಲ್ ಟೇಪ್, ನೋಡಿ.

ಡೊಮೆಟಿಕ್‌ನ ಹಳೆಯ ಆಟ್‌ವುಡ್ ಮಾದರಿಗಳಲ್ಲಿ ಅಲ್ಯುಮಿನಿಯಂ ಟ್ಯಾಂಕ್, ಆನೋಡ್ ಬೇಕಿಲ್ಲ, ಪ್ಲಾಸ್ಟಿಕ್ ಪ್ಲಗ್ ಅಷ್ಟೇ. ವರ್ಷಕ್ಕೊಮ್ಮೆ ಸಾಕೆಟ್ ಹಿಡಿಯುವ ಅಭ್ಯಾಸ ಇಲ್ಲದವರಿಗೆ ಅದೇ ಸರಿ. ಅಭ್ಯಾಸವಿದ್ದರೆ ಸಬರ್ಬನ್ ಕೊಳ್ಳಬಹುದು, ರಾಡ್ ತೆಗೆದಾಗಲೆಲ್ಲ ಟ್ಯಾಂಕಿನ ಒಳಗನ್ನೂ ತೊಳೆದಂತಾಗುತ್ತದೆ. ರಜೆಯಲ್ಲಿ ಆರ್‌ವಿ ಬಾಡಿಗೆಗೆ ಹಿಡಿಯುವವರು ಕೀಲಿ ಕೈಗೆ ಬರುವ ಮುಂಚೆ ಗೀಸರಿನ ಹಿಂದಿನ ನೆಲವನ್ನು ಬೆರಳಲ್ಲಿ ಒತ್ತಿ ನೋಡಿ ಫೋಟೋ ತೆಗೆದಿಟ್ಟುಕೊಳ್ಳಿ. ಹಳೆಯ ಸೋರಿಕೆಯ ಬಿಲ್ ನಿಮ್ಮ ಡೆಪಾಸಿಟ್ಟಿನಲ್ಲಿ ಕಟಾವಾಗಬಾರದು.