ಡೆಬಿಯನ್ 10ರಿಂದ 13ರವರೆಗೆ: ನಿತ್ಯದ ಕೆಲಸಕ್ಕೆ ಲಿನಕ್ಸ್ ಡೆಸ್ಕ್‌ಟಾಪ್

ವಿಂಡೋಸ್‌ನಂತೆ ಕಂಪ್ಯೂಟರನ್ನು ನಡೆಸುವ ಮುಕ್ತ ಕಾರ್ಯಾಚರಣ ವ್ಯವಸ್ಥೆ ಲಿನಕ್ಸ್; ಅದರ ಒಂದು ರೂಪ ಡೆಬಿಯನ್. ಈ ಡೆಬಿಯನ್ ಲಿನಕ್ಸನ್ನು ಅದರ 10ನೆಯ ಆವೃತ್ತಿಯಿಂದ ಈಗಿನ 13ನೆಯ ಆವೃತ್ತಿಯವರೆಗೆ, ಪರದೆಯ ಕಿಟಕಿ, ಮೆನುಗಳನ್ನು ಒದಗಿಸುವ ಕೆಡಿಇ ಪ್ಲಾಸ್ಮಾ ಡೆಸ್ಕ್‌ಟಾಪ್‌ನೊಂದಿಗೆ, ನನ್ನ ಕೆಲಸದ ಏಕೈಕ ವ್ಯವಸ್ಥೆಯಾಗಿ ಬಳಸುತ್ತ ಬಂದಿದ್ದೇನೆ. ಬರವಣಿಗೆ, ಕರಡು ತಿದ್ದುವುದು, ಹಳೆಯ ಪುಸ್ತಕಗಳ ಪುಟಗಳನ್ನು ಸ್ಕ್ಯಾನ್ ಮಾಡಿ ಹುಡುಕಬಹುದಾದ ಪಠ್ಯವಾಗಿಸುವುದು, ಪತ್ರವ್ಯವಹಾರ, ವಿಡಿಯೊ ಸಭೆಗಳು: ನನ್ನ ಕೆಲಸ ಇಷ್ಟೇ. ಲಿನಕ್ಸ್ ಬಗ್ಗೆ ಮಾತು ಬಂದಾಗ ಅದು ವೇಗವಾಗಿದೆ, ಉಚಿತವಾಗಿದೆ, ವೈರಸ್ ಕಾಟ ಕಡಿಮೆ ಎಂಬ ಮಾತುಗಳೇ ಮೊದಲು ಕೇಳಿಬರುತ್ತವೆ. ನನ್ನ ಅನುಭವದಲ್ಲಿ ಅವೆಲ್ಲಕ್ಕಿಂತ ದೊಡ್ಡ ಲಾಭ ಬೇರೆಯೇ ಇದೆ. ನಾನು ಕುಳಿತು ಕೆಲಸ ಮಾಡುವ ಯಂತ್ರದಲ್ಲಿ ಯಾವುದು, ಯಾವಾಗ ಬದಲಾಗಬೇಕು ಎಂಬ ತೀರ್ಮಾನ ನನ್ನದೇ ಆಗಿ ಉಳಿದಿದೆ. ಅದಕ್ಕೆ ತೆರಬೇಕಾದ ಬೆಲೆಯೂ ಇದೆ. ಅದನ್ನೂ ಇಲ್ಲಿ ಹೇಳುತ್ತೇನೆ.

ಡೆಬಿಯನ್‌ನ ಸ್ಥಿರ ಆವೃತ್ತಿಗಳು ಸುಮಾರು ಎರಡು ವರ್ಷಕ್ಕೊಮ್ಮೆ ಹೊರಬರುತ್ತವೆ. 10ನೆಯದು 2019ರ ಜುಲೈನಲ್ಲಿ, 11ನೆಯದು 2021ರ ಆಗಸ್ಟ್‌ನಲ್ಲಿ, 12ನೆಯದು 2023ರ ಜೂನ್‌ನಲ್ಲಿ, 13ನೆಯದು 2025ರ ಆಗಸ್ಟ್‌ನಲ್ಲಿ ಬಂದವು. ಒಂದು ಆವೃತ್ತಿ ಬಿಡುಗಡೆಯಾದ ಮೇಲೆ ಅದರೊಳಗಿನ ತಂತ್ರಾಂಶಗಳು ಬಹುಮಟ್ಟಿಗೆ ಅದೇ ಮಟ್ಟದಲ್ಲಿ ನಿಲ್ಲುತ್ತವೆ. ಭದ್ರತಾ ತಿದ್ದುಪಡಿಗಳೂ ಗಂಭೀರ ದೋಷಗಳ ಪರಿಹಾರಗಳೂ ಮಾತ್ರ ಬರುತ್ತಿರುತ್ತವೆ. ಪ್ಲಾಸ್ಮಾ 6 ಬಿಡುಗಡೆಯಾದದ್ದು 2024ರ ಫೆಬ್ರವರಿಯಲ್ಲಿ. ಡೆಬಿಯನ್ 12 ಬಳಸುತ್ತಿದ್ದ ನನ್ನ ಯಂತ್ರದಲ್ಲಿ ಆಗಲೂ ಪ್ಲಾಸ್ಮಾ 5.27 ಇತ್ತು, ಮುಂದಿನ ಆವೃತ್ತಿಗೆ ನಾನಾಗಿಯೇ ಹೋಗುವವರೆಗೂ ಅದೇ ಇತ್ತು. ಹೊಸತನ್ನು ಬಂದ ದಿನವೇ ನೋಡಬೇಕೆನ್ನುವವರಿಗೆ ಇದು ಕೊರತೆಯಾಗಿ ಕಾಣಬಹುದು. ಉದ್ದನೆಯ ಹಸ್ತಪ್ರತಿಯೊಂದರ ನಡುವೆ ಇರುವವರಿಗೆ ಮಾತ್ರ, ನಿನ್ನೆ ಇದ್ದ ಮೆನು ಇಂದೂ ಅಲ್ಲೇ ಇರುತ್ತದೆ ಎಂಬುದೇ ದೊಡ್ಡ ನೆಮ್ಮದಿ. ಪ್ರತಿ ಆವೃತ್ತಿಗೂ ಮೂರು ವರ್ಷಗಳ ಪೂರ್ಣ ಬೆಂಬಲ ಮತ್ತು ಅದರ ಮೇಲೆ ಎರಡು ವರ್ಷಗಳ ದೀರ್ಘಾವಧಿ ಬೆಂಬಲ ಇರುವುದರಿಂದ ಅವಸರಪಡುವ ಕಾರಣವೂ ಇರುವುದಿಲ್ಲ.

ಈ ನಿಧಾನಗತಿಯ ಇನ್ನೊಂದು ಫಲ 2024ರ ಮಾರ್ಚ್ ತಿಂಗಳಿನಲ್ಲಿ ಎಲ್ಲರಿಗೂ ಕಾಣಿಸಿತು. ಕಡತಗಳನ್ನು ಸಂಕುಚಿಸುವ ಎಕ್ಸ್‌ಝಡ್ ಎಂಬ ಮುಕ್ತ ತಂತ್ರಾಂಶದೊಳಗೆ ಯಾರೋ ಕಳ್ಳದಾರಿಯೊಂದನ್ನು ಅಡಗಿಸಿಟ್ಟಿರುವುದನ್ನು, ಲಾಗಿನ್ ಆಗುವಾಗ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆಯೇಕೆ ಎಂದು ಕುತೂಹಲದಿಂದ ಬೆನ್ನುಹತ್ತಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಪತ್ತೆಹಚ್ಚಿದರು. ಆ ಹೊತ್ತಿಗೆ ಅದು ಡೆಬಿಯನ್‌ನ ಪರೀಕ್ಷಾರ್ಥ ಶಾಖೆಗಳನ್ನು ತಲುಪಿತ್ತು. ಸ್ಥಿರ ಆವೃತ್ತಿಗೆ ಬಂದಿರಲಿಲ್ಲ. ಮುಕ್ತ ತಂತ್ರಾಂಶವೆಂದ ಮಾತ್ರಕ್ಕೆ ಅಪಾಯವೇ ಇಲ್ಲವೆಂದು ನಂಬುವುದು ತಪ್ಪು ಎಂಬುದನ್ನು ಈ ಘಟನೆ ತೋರಿಸಿತು. ಆದರೆ ಮೂಲಸಂಕೇತ ಎಲ್ಲರಿಗೂ ತೆರೆದಿದ್ದುದರಿಂದಲೇ ಹೊರಗಿನ ಒಬ್ಬರು ಅದನ್ನು ಬಿಡಿಸಿ ನೋಡಲು ಸಾಧ್ಯವಾಯಿತು ಎಂಬುದೂ ಅಷ್ಟೇ ನಿಜ.

ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಹೋಗುವ ಕೆಲಸ ಕಷ್ಟದ್ದಲ್ಲ, ಆದರೆ ಓದುವ ಶ್ರದ್ಧೆಯನ್ನು ಕೇಳುತ್ತದೆ. ಪ್ರತಿ ಬಿಡುಗಡೆಯೊಂದಿಗೆ ಬರುವ ಟಿಪ್ಪಣಿಗಳನ್ನು ನಾನು ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ, ಮತ್ತು ಓದಿದ್ದು ಎಂದೂ ವ್ಯರ್ಥವಾಗಿಲ್ಲ. ಡೆಬಿಯನ್ 13ರಲ್ಲಿ ತಾತ್ಕಾಲಿಕ ಕಡತಗಳ ಕೋಶವು ಡಿಸ್ಕಿನ ಬದಲು ಮೆಮೊರಿಯಲ್ಲಿ ಇರುವಂತೆ ಬದಲಾಯಿತು, ಮತ್ತು ಅದು ಒಟ್ಟು ಮೆಮೊರಿಯ ಅರ್ಧದವರೆಗೆ ಬೆಳೆಯಬಲ್ಲದು. ಸಾಮಾನ್ಯ ಬಳಕೆದಾರರಿಗೆ ಇದು ಗೊತ್ತೂ ಆಗುವುದಿಲ್ಲ. ಆದರೆ ನಾನು ಸ್ಕ್ಯಾನ್ ಮಾಡಿದ ಪುಸ್ತಕಗಳಿಗೆ ಪಠ್ಯದ ಪದರ ಸೇರಿಸಲು ಬಳಸುವ ಓಸಿಆರ್‌ಮೈಪಿಡಿಎಫ್, ಪ್ರತಿ ಪುಟದ ಚಿತ್ರವನ್ನೂ ಬಿಡಿಸಿ ಅದೇ ಕೋಶದಲ್ಲಿ ಇಟ್ಟುಕೊಂಡು ಕೆಲಸ ಮಾಡುತ್ತದೆ. ನೂರಾರು ಪುಟಗಳ ಪುಸ್ತಕವಾದರೆ ಮೆಮೊರಿ ತುಂಬಿಹೋಗುತ್ತದೆ. ಟಿಪ್ಪಣಿಯಲ್ಲಿ ಇದನ್ನು ಓದಿದ್ದರಿಂದ, ಹೊಸ ಆವೃತ್ತಿಗೆ ಹೋಗುವ ಮೊದಲೇ ಆ ತಂತ್ರಾಂಶದ ತಾತ್ಕಾಲಿಕ ಜಾಗವನ್ನು ಡಿಸ್ಕಿನಲ್ಲಿರುವ ಬೇರೊಂದು ಕೋಶಕ್ಕೆ ತಿರುಗಿಸಿಟ್ಟೆ. ಬೇಡವೆನಿಸಿದರೆ ಈ ಇಡೀ ಬದಲಾವಣೆಯನ್ನೇ ಒಂದು ಆದೇಶದಿಂದ ಹಿಂದಕ್ಕೆ ತಿರುಗಿಸಬಹುದು, ಹೇಗೆಂದು ಅದೇ ಟಿಪ್ಪಣಿ ಹೇಳುತ್ತದೆ. ಏನು ಬದಲಾಗಿದೆ, ಏಕೆ ಬದಲಾಗಿದೆ, ಒಲ್ಲದವರು ಏನು ಮಾಡಬೇಕು ಎಂಬ ಮೂರನ್ನೂ ಬರೆದಿಡುವ ಈ ಪದ್ಧತಿಯ ಬಗ್ಗೆ ನನಗೆ ಬಹಳ ಗೌರವವಿದೆ.

ದಿನದ ಬಳಕೆಯಲ್ಲಿ ಪ್ಲಾಸ್ಮಾ ಎಲ್ಲಿಯೂ ಅಡ್ಡಬರುವುದಿಲ್ಲ. ಡಾಲ್ಫಿನ್ ಎಂಬ ಕಡತ ನಿರ್ವಾಹಕದಲ್ಲಿ ಎಫ್3 ಒತ್ತಿದರೆ ಕಿಟಕಿ ಎರಡಾಗಿ, ಎರಡು ಕೋಶಗಳನ್ನು ಅಕ್ಕಪಕ್ಕದಲ್ಲಿ ನೋಡಬಹುದು. ಸ್ಕ್ಯಾನ್ ಆದ ಪುಟಗಳಿಗೆಲ್ಲ ಒಟ್ಟಿಗೆ ಕ್ರಮಸಂಖ್ಯೆ ಕೊಟ್ಟು ಹೆಸರಿಡಬಹುದು. ಆಕ್ಯುಲರ್‌ನಲ್ಲಿ ಪಿಡಿಎಫ್ ಕರಡಿನ ಅಂಚಿನಲ್ಲಿ ಟಿಪ್ಪಣಿ ಬರೆದು ಕಡತದೊಳಗೇ ಉಳಿಸಿದರೆ, ಎದುರಿನವರು ಬೇರೆ ಯಾವ ವ್ಯವಸ್ಥೆ ಬಳಸುತ್ತಿದ್ದರೂ ಅವರಿಗೆ ಅದು ಕಾಣುತ್ತದೆ. ಕೆಡಿಇ ಕನೆಕ್ಟ್ ಇಲ್ಲದೆ ಕೆಲಸ ಮಾಡುವುದನ್ನು ಈಗ ಊಹಿಸಿಕೊಳ್ಳಲಾರೆ: ಫೋನಿನಲ್ಲಿ ತೆಗೆದ ಪುಟದ ಚಿತ್ರ, ನಕಲಿಸಿದ ಸಾಲು, ಬಂದ ಸಂದೇಶ, ಇವೆಲ್ಲ ಮನೆಯ ವೈಫೈ ಮೂಲಕವೇ ಕಂಪ್ಯೂಟರಿಗೆ ಬರುತ್ತವೆ, ಯಾವ ಖಾತೆಯನ್ನೂ ತೆರೆಯಬೇಕಿಲ್ಲ, ಹೊರಗಿನ ಯಾವ ಸರ್ವರ್ ಕೂಡ ನಡುವೆ ಇರುವುದಿಲ್ಲ.

ಕಚೇರಿ ಕೆಲಸದ ದಾಖಲೆಗಳ ವಿಷಯದಲ್ಲಿ ನನ್ನ ಮೆಚ್ಚುಗೆ ಅಷ್ಟು ನಿರಾತಂಕವಾದದ್ದಲ್ಲ. ಲಿಬ್ರೆಆಫೀಸ್ ಎಂಬ ಕಚೇರಿ ತಂತ್ರಾಂಶ ತನ್ನದೇ ಓಡಿಎಫ್ ಎಂಬ ಕಡತ ಮಾದರಿಯಲ್ಲಿ ಅತ್ಯಂತ ವಿಶ್ವಾಸಾರ್ಹವಾಗಿದೆ. 2006ರಿಂದ ಅಂತರರಾಷ್ಟ್ರೀಯ ಮಾನಕವಾಗಿರುವ ಆ ಮಾದರಿಯಲ್ಲಿ ಉಳಿಸಿದ ಹಳೆಯ ಕಡತಗಳು ಇಂದಿಗೂ ಹಾಗೆಯೇ ತೆರೆಯುತ್ತವೆ. ತೊಡಕು ಬರುವುದು ವರ್ಡ್ ಕಡತಗಳು ಹೋಗಿಬರುವಾಗ. ಪುಟಗಳು ಅಲುಗಾಡುವುದಕ್ಕೆ ಎಷ್ಟೋ ಸಲ ಫಾಂಟ್ ಕಾರಣವಾಗಿರುತ್ತದೆ: ಕ್ಯಾಲಿಬ್ರಿ, ಕ್ಯಾಂಬ್ರಿಯಾ ಫಾಂಟುಗಳು ಲಿನಕ್ಸ್‌ನೊಂದಿಗೆ ಬರುವುದಿಲ್ಲ. ಅವುಗಳ ಅಕ್ಷರದ ಅಗಲವನ್ನೇ ಹೊಂದಿರುವ ಕಾರ್ಲಿಟೊ ಮತ್ತು ಕ್ಯಾಲಡಿಯಾ ಫಾಂಟುಗಳನ್ನು ಹಾಕಿಕೊಂಡರೆ ಸಾಲು ಮುರಿಯುವ ಜಾಗಗಳು ಬಹುಪಾಲು ಸರಿಹೋಗುತ್ತವೆ. ಹೊಸದಾಗಿ ಲಿನಕ್ಸಿಗೆ ಬರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಬದಲಾವಣೆಗಳ ಗುರುತು, ಟಿಪ್ಪಣಿ, ಅಡಿಟಿಪ್ಪಣಿಗಳು ಸಾಮಾನ್ಯವಾಗಿ ಕ್ಷೇಮವಾಗಿ ಹೋಗಿಬರುತ್ತವೆ. ಆದರೆ ಚಿತ್ರಗಳ ಸುತ್ತ ಪಠ್ಯ ಹರಿಯುವ, ಕೋಷ್ಟಕದೊಳಗೆ ಕೋಷ್ಟಕವಿರುವ, ಮ್ಯಾಕ್ರೊಗಳಿರುವ ಕಡತಗಳನ್ನು ಎರಡು ಕಡೆ ಸರದಿಯಂತೆ ತಿದ್ದಬೇಕಾದರೆ ಲಿಬ್ರೆಆಫೀಸ್‌ನ ಮೇಲೆ ಪೂರ್ತಿ ಭಾರ ಹಾಕಬೇಡಿ. ಅಂತಹ ಕೆಲಸವೇ ದಿನವಿಡೀ ಇರುವವರಿಗೆ ಈ ವ್ಯವಸ್ಥೆಯನ್ನು ನಾನು ಶಿಫಾರಸು ಮಾಡಲಾರೆ.

ಕನ್ನಡದ ಕೆಲಸಕ್ಕೆ ಇಷ್ಟು ಒಳ್ಳೆಯ ನೆಲೆ ಸಿಗುತ್ತದೆಂದು ಆರಂಭದಲ್ಲಿ ನಾನು ನಿರೀಕ್ಷಿಸಿರಲಿಲ್ಲ. ಫೈರ್‌ಫಾಕ್ಸ್, ಲಿಬ್ರೆಆಫೀಸ್, ಇಂಕ್‌ಸ್ಕೇಪ್, ಪ್ಲಾಸ್ಮಾದ ಮೆನುಗಳು, ಇವೆಲ್ಲ ಅಕ್ಷರಗಳನ್ನು ಜೋಡಿಸಲು ಹಾರ್ಫ್‌ಬಝ್ ಎಂಬ ಒಂದೇ ಮುಕ್ತ ತಂತ್ರಾಂಶವನ್ನು ಆಧರಿಸಿರುವುದರಿಂದ, ಒಂದರಲ್ಲಿ ಸರಿಯಾಗಿ ಕಂಡ ಒತ್ತಕ್ಷರ ಇನ್ನೊಂದರಲ್ಲೂ ಸರಿಯಾಗಿಯೇ ಕಾಣುತ್ತದೆ. ‘ರ‍್ಯಾಂಕ್’ ಎಂಬಲ್ಲಿ ರಕಾರ ಅರ್ಕಾವತ್ತಾಗದೆ ಪೂರ್ಣವಾಗಿ ನಿಂತು ಯಕಾರ ಕೆಳಗೆ ಒತ್ತಾಗಬೇಕಾದರೆ, ರಕಾರಕ್ಕೂ ಹಲಂತಕ್ಕೂ ನಡುವೆ ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದು ಇರಬೇಕು. ಅದನ್ನು ಒಮ್ಮೆ ಸರಿಯಾಗಿ ಟೈಪಿಸಿದರೆ ಈ ಎಲ್ಲ ತಂತ್ರಾಂಶಗಳಲ್ಲೂ ಆ ರೂಪವೇ ಉಳಿಯುತ್ತದೆ. ಕಗಪ ವಿನ್ಯಾಸ ಪ್ಲಾಸ್ಮಾದ ಕೀಲಿಮಣೆ ಪಟ್ಟಿಯಲ್ಲಿಯೇ ಇದೆ. ಆದರೆ ಅಲ್ಲಿ ಒಂದು ಕೀಲಿಗೆ ಒಂದೇ ಅಕ್ಷರ ನಿಗದಿಯಾಗಿರುವುದರಿಂದ ವ್ಯಂಜನದ ಮುಂದೆ ಒತ್ತಿದ ಸ್ವರ ತಾನಾಗಿ ಕಾಗುಣಿತ ಚಿಹ್ನೆಯಾಗುವುದಿಲ್ಲ. ಹಾಗೆ ಆಗುವುದು ರೂಢಿಯಾಗಿರುವವರು ಐಬಸ್ (IBus) ಅಥವಾ ಎಫ್‌ಸಿಐಟಿಎಕ್ಸ್ (Fcitx) ಎಂಬ ಟೈಪಿಂಗ್ ನೆರವಿನ ತಂತ್ರಾಂಶದ ಮೂಲಕ ಬೇರೆ ಇನ್‌ಪುಟ್ ವಿಧಾನವನ್ನು ಸೇರಿಸಿಕೊಳ್ಳಬೇಕಾಗುತ್ತದೆ.

ಸ್ಕ್ಯಾನ್ ಚಿತ್ರದಿಂದ ಪಠ್ಯ ಗುರುತಿಸಲು ನಾನು ಅವಲಂಬಿಸಿರುವುದು ಆ ಕೆಲಸಕ್ಕೆಂದೇ ಇರುವ ತಂತ್ರಾಂಶ ಟೆಸರಾಕ್ಟ್‌ನ ಕನ್ನಡ ಮಾದರಿಯನ್ನು. 2018ರ 4ನೆಯ ಆವೃತ್ತಿಯಲ್ಲಿ ಅದು ನರಜಾಲ ಆಧಾರಿತ ಗುರುತಿಸುವಿಕೆಗೆ ಬದಲಾಯಿತು. ಸ್ವಚ್ಛವಾದ ಮುದ್ರಣವಿದ್ದು, ಸ್ಕ್ಯಾನ್ ಅಂಗುಲಕ್ಕೆ 300 ಚುಕ್ಕೆಗಳಷ್ಟಿದ್ದು, ಪುಟ ಓರೆಯಾಗಿಲ್ಲದಿದ್ದರೆ, ಬಂದ ಪಠ್ಯವನ್ನು ತಿದ್ದುವುದು ಹೊಸದಾಗಿ ಟೈಪಿಸುವುದಕ್ಕಿಂತ ಎಷ್ಟೋ ಸುಲಭ. ಅಚ್ಚುಮೊಳೆಯ ಹಳೆಯ ಮುದ್ರಣದಲ್ಲಿ ಮಸಿ ಹರಡಿದ್ದರೆ ದಕಾರ ಧಕಾರವಾಗುತ್ತದೆ, ಪಕಾರ ಷಕಾರವಾಗುತ್ತದೆ, ಅರ್ಕಾವತ್ತು ಒಂಬತ್ತರ ಅಂಕಿಯಾಗುತ್ತದೆ. ತಪ್ಪುಗಳು ಒಂದೇ ಬಗೆಯವಾಗಿರುವುದರಿಂದ ಕೇಟ್ ಸಂಪಾದಕದ ಹುಡುಕಿ ಬದಲಿಸುವ ಸೌಲಭ್ಯದಿಂದ ಅವುಗಳಲ್ಲಿ ಹೆಚ್ಚಿನವನ್ನು ಗುಂಪಾಗಿಯೇ ಹಿಡಿಯಬಹುದು. ಕಾಗುಣಿತ ಪರೀಕ್ಷಕದಿಂದ ಇಲ್ಲಿ ಹೆಚ್ಚು ನೆರವು ಸಿಗುವುದಿಲ್ಲ; ಪ್ರತ್ಯಯಗಳ ಮೇಲೆ ಪ್ರತ್ಯಯ ಸೇರಿ ಬೆಳೆಯುವ ಕನ್ನಡ ಪದಗಳನ್ನು ಪಟ್ಟಿ ಮಾಡಿ ಮುಗಿಸಲು ಆಗದ ಕಾರಣ, ಸರಿಯಾದ ಪದಗಳ ಕೆಳಗೂ ಕೆಂಪು ಗೆರೆ ಬೀಳುತ್ತಿರುತ್ತದೆ. ಈ ಕೆಲಸಕ್ಕೆ ಯಾರಾದರೂ ಗಂಭೀರವಾಗಿ ಕೈಹಾಕಬೇಕು ಎಂಬುದು ನನ್ನ ಬಹುದಿನದ ಆಸೆ.

ಯಂತ್ರಾಂಶದ ವಿಷಯದಲ್ಲಿ ಲಿನಕ್ಸ್ ಇಂದಿಗೂ ಎಲ್ಲರಿಗೂ ಒಂದೇ ರೀತಿ ಒಲಿಯುವುದಿಲ್ಲ. ವೈಫೈ ಚಿಪ್ಪುಗಳಿಗೆ ಬೇಕಾದ ಮುಕ್ತವಲ್ಲದ ಫರ್ಮ್‌ವೇರನ್ನು (ಚಿಪ್ಪಿನೊಳಗೆ ನಡೆಯುವ ತಂತ್ರಾಂಶವನ್ನು) ಅಧಿಕೃತ ಅನುಸ್ಥಾಪಕದಲ್ಲೇ ಸೇರಿಸುವ ನಿರ್ಧಾರವನ್ನು ಡೆಬಿಯನ್ ಸದಸ್ಯರು 2022ರಲ್ಲಿ ಮತ ಹಾಕಿ ಕೈಗೊಂಡರು; ಡೆಬಿಯನ್ 12ರಿಂದ ಅದು ಜಾರಿಗೆ ಬಂದು, ಮೊದಲ ದಿನದ ದೊಡ್ಡ ಅಡಚಣೆ ನಿವಾರಣೆಯಾಯಿತು. ಜಾಲಕ್ಕೆ ಸೇರುವ ಹೊಸ ಪ್ರಿಂಟರುಗಳು ಪ್ರತ್ಯೇಕ ಡ್ರೈವರ್ ಇಲ್ಲದೆಯೇ ಮುದ್ರಿಸುತ್ತವೆ, ಹಲವು ಸ್ಕ್ಯಾನರುಗಳೂ ಹಾಗೆಯೇ ಕೆಲಸ ಮಾಡುತ್ತವೆ. ಆದರೆ ನನ್ನ ಹಿಂದಿನ ಲ್ಯಾಪ್‌ಟಾಪ್ ಮುಚ್ಚಿಟ್ಟಾಗ ಸರಿಯಾಗಿ ನಿದ್ರಾಸ್ಥಿತಿಗೆ ಹೋಗದೆ, ಚೀಲದೊಳಗೇ ಬಿಸಿಯಾಗಿ ಬ್ಯಾಟರಿ ಬರಿದು ಮಾಡಿಕೊಳ್ಳುತ್ತಿತ್ತು. ತಯಾರಕರು ಆ ಮಾದರಿಯನ್ನು ಲಿನಕ್ಸ್‌ನಲ್ಲಿ ಪರೀಕ್ಷಿಸಿರಲಿಲ್ಲ, ಬಯಾಸ್‌ನಲ್ಲಿ ಹಳೆಯ ನಿದ್ರಾವಿಧಾನದ ಆಯ್ಕೆಯನ್ನೂ ಕೊಟ್ಟಿರಲಿಲ್ಲ. ಕೊನೆಗೂ ಅದಕ್ಕೆ ಪರಿಹಾರ ಸಿಗಲಿಲ್ಲ. ಲಿನಕ್ಸ್‌ಗೆ ಬೆಂಬಲವಿದೆಯೆಂದು ತಯಾರಕರೇ ಹೇಳಿಕೊಳ್ಳುವ ಮಾದರಿಯನ್ನು ಕೊಂಡ ಮೇಲೆ ತೊಂದರೆ ತೀರಿತು. ಬ್ಲೂಟೂತ್ ಹೆಡ್‌ಫೋನಿನ ಮೈಕ್ ಬಳಸಿದೊಡನೆ ಧ್ವನಿಯ ಗುಣಮಟ್ಟ ಕುಸಿಯುವುದನ್ನು ಹಲವರು ಲಿನಕ್ಸ್‌ನ ದೋಷವೆಂದು ಭಾವಿಸುತ್ತಾರೆ. ಅದು ಹಳೆಯ ಬ್ಲೂಟೂತ್ ಪದ್ಧತಿಯ ಮಿತಿ. ಸಭೆಗಳಿಗೆ ತಂತಿಯ ಮೈಕ್ ಬಳಸಿದರೆ ಆ ತಾಪತ್ರಯವೇ ಇರುವುದಿಲ್ಲ.

ಪ್ಲಾಸ್ಮಾ 6ರಿಂದ, ಕಿಟಕಿಗಳನ್ನು ಪರದೆಯ ಮೇಲೆ ಮೂಡಿಸುವ ವೇಲ್ಯಾಂಡ್ ಎಂಬ ವ್ಯವಸ್ಥೆ ಮುಖ್ಯ ನೆಲೆಯಾಗಿದೆ. ಲ್ಯಾಪ್‌ಟಾಪಿನ ಪರದೆಗೂ ಹೊರಗಿನ ಪರದೆಗೂ ಬೇರೆ ಬೇರೆ ಅಳತೆಯ ಅಕ್ಷರಗಾತ್ರ ಇಡಬಹುದಾದ್ದರಿಂದ ನನ್ನ ಕಣ್ಣುಗಳಿಗೆ ದೊಡ್ಡ ಉಪಕಾರವಾಗಿದೆ. ಕೀಲಿಗಳನ್ನು ತಾನಾಗಿ ಒತ್ತಿಸುವ ಕೆಲವು ಹಳೆಯ ಉಪಕರಣಗಳು ಅದರಡಿ ನಡೆಯುವುದಿಲ್ಲ ಎಂಬುದನ್ನು ಅವುಗಳ ಬಳಕೆದಾರರು ಗಮನದಲ್ಲಿಡಬೇಕು.

ಚಿತ್ರ ಸಂಪಾದನೆಯಲ್ಲಿ, 2025ರ ಮಾರ್ಚ್‌ನಲ್ಲಿ ಬಂದ ಗಿಂಪ್ 3.0 ಮೂಲ ಚಿತ್ರವನ್ನು ಕೆಡಿಸದೆ ಪರಿಣಾಮಗಳನ್ನು ಸೇರಿಸುವ ಸೌಲಭ್ಯವನ್ನು ಕೊನೆಗೂ ತಂದಿತು, ಮತ್ತು ಡೆಬಿಯನ್ 13ರಲ್ಲಿ ಅದು ಸಿಗುತ್ತದೆ. ಆದರೂ ಮುದ್ರಣಾಲಯಕ್ಕೆ ನಾಲ್ಕು ಬಣ್ಣದ ಕಡತ ಸಿದ್ಧಪಡಿಸುವವರಿಗೆ ಅದೊಂದೇ ಸಾಲದು. ಅಡೋಬಿಯ ತಂತ್ರಾಂಶಗಳು ಲಿನಕ್ಸ್‌ಗೆ ಲಭ್ಯವಿಲ್ಲ. ಜಾಲದಲ್ಲಿ ಆಡುವ ಆಟಗಳಲ್ಲಿ ಕೆಲವು, ಮೋಸ ತಡೆಯುವ ತಂತ್ರಾಂಶದ ಕಾರಣ, ಇಲ್ಲಿ ನಡೆಯುವುದಿಲ್ಲ.

ದೋಷಗಳನ್ನು ವರದಿ ಮಾಡುವ ಅನುಭವವನ್ನೂ ಹೇಳಬೇಕು. ಹಾಗೆ ವರದಿ ಮಾಡಿದಾಗ, ಆ ಭಾಗವನ್ನು ಬರೆದವರೇ ಉತ್ತರಿಸಿದ್ದನ್ನು ಕಂಡಿದ್ದೇನೆ; ಯಾರೂ ಉತ್ತರಿಸದೆ ವರದಿ ಹಾಗೆಯೇ ಬಿದ್ದಿರುವುದನ್ನೂ ಕಂಡಿದ್ದೇನೆ. ಅದನ್ನು ನೋಡಿಕೊಳ್ಳುವವರಲ್ಲಿ ಅನೇಕರು ತಮ್ಮ ಬಿಡುವಿನ ಹೊತ್ತನ್ನು ಕೊಡುತ್ತಿರುವವರು. ದೋಷ ಮರುಕಳಿಸುವಂತೆ ಮಾಡುವ ಚಿಕ್ಕ ಮಾದರಿ ಕಡತವೊಂದನ್ನು ವರದಿಯೊಂದಿಗೆ ಇಟ್ಟರೆ ಉತ್ತರ ಬರುವ ಸಾಧ್ಯತೆ ಬಹಳ ಹೆಚ್ಚುತ್ತದೆ, ಕನ್ನಡದ ಅಕ್ಷರ ಜೋಡಣೆಯಂತಹ ವಿಷಯಗಳಲ್ಲಂತೂ ಅದು ಅನಿವಾರ್ಯ.

ಈ ವ್ಯವಸ್ಥೆಯನ್ನು ಪ್ರಯತ್ನಿಸಬೇಕೆಂದಿರುವವರು ಮೊದಲು ಕೆಡಿಇ ಸಹಿತವಾದ ಡೆಬಿಯನ್ ಲೈವ್ ಆವೃತ್ತಿಯನ್ನು ಪೆನ್‌ಡ್ರೈವಿಗೆ ಬರೆದುಕೊಂಡು, ಡಿಸ್ಕನ್ನು ಮುಟ್ಟದೆ ಅದರಿಂದಲೇ ಕಂಪ್ಯೂಟರನ್ನು ಆರಂಭಿಸಲಿ. ವೈಫೈ ಸೇರುತ್ತದೆಯೇ, ಧ್ವನಿ ಮತ್ತು ಕ್ಯಾಮೆರಾ ಸರಿಯಿವೆಯೇ, ಪ್ರಿಂಟರ್ ಒಂದು ಪುಟ ಮುದ್ರಿಸುತ್ತದೆಯೇ, ಮುಚ್ಚಿ ತೆರೆದಾಗ ಲ್ಯಾಪ್‌ಟಾಪ್ ಎಚ್ಚರಗೊಳ್ಳುತ್ತದೆಯೇ, ತಮಗೆ ನಿತ್ಯ ಬರುವ ಅತ್ಯಂತ ಜಟಿಲವಾದ ವರ್ಡ್ ಕಡತ ಹೇಗೆ ತೆರೆಯುತ್ತದೆ ಎಂಬುದನ್ನು ಅಲ್ಲಿಯೇ ನೋಡಬಹುದು. ನಿದ್ರಾಸ್ಥಿತಿಯ ಪರೀಕ್ಷೆಯನ್ನು ಮಾತ್ರ ಐದು ನಿಮಿಷಕ್ಕೆ ಮುಗಿಸದೆ ಒಂದು ಇಡೀ ರಾತ್ರಿ ಮುಚ್ಚಿಟ್ಟು, ಬೆಳಿಗ್ಗೆ ಬ್ಯಾಟರಿ ಎಷ್ಟು ಉಳಿದಿದೆ ಎಂದು ನೋಡಿ, ಆಮೇಲೆ ಅನುಸ್ಥಾಪನೆಗೆ ಮುಂದಾಗಿ.