ಮಲೆನಾಡಿನ ‘ಭಾರಲೋಹ ಪರೀಕ್ಷಿತ’ ಜೇನುತುಪ್ಪ: ಬಾಟಲಿಗಿಂತ ವರದಿಯದೇ ತಕರಾರು

ಸಣ್ಣ ಸಂಸ್ಥೆಯೊಂದು ಆನ್‌ಲೈನ್‌ನಲ್ಲಿ ಮಾರುತ್ತಿರುವ ಈ ತುಡುವೆ ಜೇನುತುಪ್ಪದ ರುಚಿಯಲ್ಲಿ ಕೊರತೆಯಿಲ್ಲ. ತುಸು ತೆಳು, ನವಿರಾದ ಹುಳಿ, ಕೊನೆಗೆ ನಾಲಿಗೆಯಲ್ಲಿ ಉಳಿಯುವ ಸಣ್ಣ ಒಗರು. ಗಾಜಿನ ಬಾಟಲಿಯೂ ಚೊಕ್ಕಟವಾಗಿದೆ. ಆದರೆ ಹೆಚ್ಚಿನ ಬೆಲೆಗೆ ಕಾರಣವಾಗಿ ಅವರು ಮುಂದಿಡುವುದು ಲೇಬಲ್ಲಿನ ಮೇಲಿರುವ ‘ಭಾರಲೋಹ ಪರೀಕ್ಷಿತ’ ಎಂಬ ಮಾತನ್ನು. ಆದ್ದರಿಂದ ಕ್ಯೂಆರ್ ಕೋಡ್‌ನಲ್ಲಿ ತೆರೆದುಕೊಳ್ಳುವ ಪ್ರಯೋಗಾಲಯದ ವರದಿಯನ್ನೇ ಮುಖ್ಯವಾಗಿ ಪರಿಶೀಲಿಸಿದ್ದೇನೆ.

ವರದಿ ನೀಡಿರುವ ಪ್ರಯೋಗಾಲಯಕ್ಕೆ, ಪ್ರಯೋಗಾಲಯಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಲ್‌ನ ಮಾನ್ಯತೆ ಇದೆ. ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್, ಪಾದರಸ ಈ ನಾಲ್ಕರ ಮುಂದೆಯೂ ‘ಪತ್ತೆಯಾಗಿಲ್ಲ’ ಎಂದು ಬರೆದಿದೆ. ಸಣ್ಣ ಅಕ್ಷರಗಳನ್ನು ಓದಿದಾಗ ಮಾತ್ರ, ಸೀಸ ಕಿಲೋಗೆ 0.25 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಈ ಪರೀಕ್ಷೆ ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲವೆಂದು ತಿಳಿಯುತ್ತದೆ. ಅನುಮತಿತ ಮಿತಿಯೆಂದು ನಮೂದಿಸಿರುವ 2.5 ಮಿಲಿಗ್ರಾಂ, 2011ರ ನಮ್ಮ ಆಹಾರ ಸುರಕ್ಷತಾ ನಿಯಮಾವಳಿಯು ಪ್ರತ್ಯೇಕವಾಗಿ ಹೆಸರಿಸದ ಆಹಾರಗಳಿಗೆಂದು ಇಟ್ಟಿದ್ದ ಅಂಕಿ. ಐರೋಪ್ಯ ಒಕ್ಕೂಟವು ಜೇನುತುಪ್ಪಕ್ಕೆಂದೇ ನಿಗದಿಪಡಿಸಿರುವ ಮಿತಿ 0.10 ಮಿಲಿಗ್ರಾಂ. 2019ರಲ್ಲಿ ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿಗೆ ಬೆಂಕಿ ಬಿದ್ದು, ಛಾವಣಿಯಲ್ಲಿದ್ದ ಟನ್ನುಗಟ್ಟಲೆ ಸೀಸ ಕರಗಿ ಅದರ ಧೂಳು ನಗರದ ಮೇಲೆ ಹರಡಿದ ನಂತರ ಅಲ್ಲಿನ ಜೇನುಪೆಟ್ಟಿಗೆಗಳ ತುಪ್ಪವನ್ನು ಸಂಶೋಧಕರು ಪರೀಕ್ಷಿಸಿದಾಗ ಸಿಕ್ಕ ಅತಿ ಹೆಚ್ಚಿನ ಪ್ರಮಾಣವೂ ಕಿಲೋಗೆ ಸುಮಾರು 0.08 ಮಿಲಿಗ್ರಾಂ ಮಾತ್ರ. ಆ ತುಪ್ಪವನ್ನು ಇದೇ ವಿಧಾನದಲ್ಲಿ ಪರೀಕ್ಷಿಸಿದ್ದರೆ ಅದಕ್ಕೂ ‘ಪತ್ತೆಯಾಗಿಲ್ಲ’ ಎಂಬ ಪ್ರಮಾಣಪತ್ರವೇ ಸಿಗುತ್ತಿತ್ತು. ಇದಕ್ಕಿಂತ ಎಷ್ಟೋ ಪಟ್ಟು ಸೂಕ್ಷ್ಮವಾಗಿ ಅಳೆಯಬಲ್ಲ ಐಸಿಪಿ-ಎಂಎಸ್ ಉಪಕರಣ ಬಳಸಿಯೂ ಇಷ್ಟು ಒರಟಾದ ಅಳತೆಗೆ ತೃಪ್ತಿಪಟ್ಟಿರುವುದು ನನಗೆ ಅರ್ಥವಾಗಲಿಲ್ಲ.

ಸಂಗ್ರಹಣೆಯ ಬಗ್ಗೆ ಕೇಳಿದ ಪ್ರಶ್ನೆಗೆ ಮಾರಾಟಗಾರರು ಸೌಜನ್ಯದಿಂದ ಉತ್ತರಿಸಿದರು. ಜೇನುತುಪ್ಪದ ಪಿಎಚ್ ಸಾಮಾನ್ಯವಾಗಿ 4ರ ಆಸುಪಾಸಿನಲ್ಲಿರುವುದರಿಂದ, ಅಂದರೆ ಅದು ಆಮ್ಲೀಯವಾದ್ದರಿಂದ, ಸತು ಲೇಪಿಸಿದ ಡ್ರಮ್ಮಿನಲ್ಲಿ ಅಥವಾ ಸೀಸದ ಬೆಸುಗೆಯಿರುವ ಹಳೆಯ ಪಾತ್ರೆಯಲ್ಲಿ ತಿಂಗಳುಗಟ್ಟಲೆ ಇಟ್ಟರೆ ಲೋಹ ನಿಧಾನವಾಗಿ ತುಪ್ಪಕ್ಕೆ ಇಳಿಯುತ್ತದೆ. ಕಾಡಿನ ನಡುವಿನ ಪೆಟ್ಟಿಗೆಯಿಂದ ಬಂದ ತುಪ್ಪಕ್ಕೂ ಇದರಿಂದ ವಿನಾಯಿತಿಯಿಲ್ಲ. ತಮ್ಮಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಯಂತ್ರವಿದೆ ಎಂದರು, ಒಳ್ಳೆಯದು. ಆದರೆ ಜೇನು ಕೃಷಿಕರು ತಮ್ಮ ಮನೆಯಲ್ಲಿ ಯಾವ ಪಾತ್ರೆಯಲ್ಲಿ ತುಂಬಿಡುತ್ತಾರೆ ಎಂಬುದಕ್ಕೆ ಉತ್ತರ ಬರಲಿಲ್ಲ, ವರದಿಯಲ್ಲಿ ಸತುವಿನ ಪರೀಕ್ಷೆಯೂ ಇಲ್ಲ.

2020ರಲ್ಲಿ ದೆಹಲಿಯ ಸಿಎಸ್‌ಇ (ವಿಜ್ಞಾನ ಮತ್ತು ಪರಿಸರ ಕೇಂದ್ರ) ಸಂಸ್ಥೆ ಜೇನುತುಪ್ಪದಲ್ಲಿ ಸಕ್ಕರೆ ಪಾಕದ ಕಲಬೆರಕೆಯನ್ನು ಬಯಲಿಗೆಳೆದ ಮೇಲೆ ಗ್ರಾಹಕರ ಅನುಮಾನವೆಲ್ಲ ಅತ್ತಲೇ ತಿರುಗಿರುವಾಗ, ಲೋಹಗಳ ವರದಿಯನ್ನು ತಾವಾಗಿ ಮುಂದಿಟ್ಟವರನ್ನು ಹೀಗಳೆಯುವ ಇಚ್ಛೆ ನನಗಿಲ್ಲ. ತುಪ್ಪವನ್ನು ರುಚಿಗಾಗಿ ಧಾರಾಳವಾಗಿ ಕೊಳ್ಳಬಹುದು. ಪರೀಕ್ಷೆಯ ಹೆಸರಿನಲ್ಲಿ ಹೆಚ್ಚಿನ ಹಣ ತೆರುವವರು ಮೊದಲು ಬ್ಯಾಚ್ ಸಂಖ್ಯೆಯನ್ನು ಹೋಲಿಸಿ ನೋಡಲಿ: ನನಗೆ ಬಂದ ಬಾಟಲಿಯ ಸಂಖ್ಯೆಯೇ ಬೇರೆ, ವರದಿಯಲ್ಲಿರುವ ಸಂಖ್ಯೆಯೇ ಬೇರೆ.