ಹಳೇ ಬೀಟಲ್‌ಗೆ ಅಗ್ರೀಡ್ ವ್ಯಾಲ್ಯೂ ವಿಮೆ: ಏಳು ವರ್ಷ ಕಟ್ಟಿದ ಮೇಲೆ

ನನ್ನ ಹತ್ತಿರ ಇರುವುದು 1969ರ ಫೋಕ್ಸ್‌ವ್ಯಾಗನ್ ಬೀಟಲ್. ಏಳು ವರ್ಷದಿಂದ ಅದಕ್ಕೆ ಕ್ಲಾಸಿಕ್ ಕಾರುಗಳಿಗೆಂದೇ ಇರುವ ಅಗ್ರೀಡ್ ವ್ಯಾಲ್ಯೂ ಪಾಲಿಸಿ ಕಟ್ಟುತ್ತಿದ್ದೇನೆ, ಅಂದರೆ ಕಾರು ಪೂರ್ತಿ ಹೋದರೆ ಎಷ್ಟು ಕೊಡಬೇಕು ಅಂತ ಮೊದಲೇ ಒಪ್ಪಿ ಬರೆದಿಟ್ಟದ್ದು. ಇಷ್ಟರಲ್ಲಿ ಎರಡು ಕ್ಲೇಮ್ ಆಗಿವೆ, ಒಂದು ಗಾಜಿಗೆ, ಇನ್ನೊಂದು ಬೆಂಕಿಗೆ. ಮೊದಲನೆಯದು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮುಗಿಯಿತು. ಎರಡನೆಯದರಲ್ಲಿ ಬೆವರಿಳಿಯಿತು, ಅದರಲ್ಲಿ ಅರ್ಧ ತಪ್ಪು ನನ್ನದೇ. ಕಂಪನಿಯ ಹೆಸರು ಬರೆಯುವುದಿಲ್ಲ. ಈ ಬಗೆಯ ಪಾಲಿಸಿ ಯಾರ ಹತ್ತಿರ ತಗೊಂಡರೂ ನೋಡಬೇಕಾದ್ದು ಹೆಚ್ಚುಕಡಿಮೆ ಇದೇ.

ಅದಕ್ಕೂ ಮುಂಚಿನ ಎರಡು ವರ್ಷ ಎಲ್ಲರ ಹಾಗೆ ಮಾಮೂಲಿ ಪಾಲಿಸಿಯೇ ಇತ್ತು. ಒಂದು ದಿನ ನಿಲ್ಲಿಸಿದ್ದ ಕಾರಿಗೆ ಸಾಮಾನಿನ ವ್ಯಾನೊಂದು ರಿವರ್ಸ್ ಬಂದು ಗುದ್ದಿತು. ಎಡಗಡೆ ಹಿಂದಿನ ಮಡ್‌ಗಾರ್ಡ್ ಒಳಗೆ ಹೋಯಿತು, ಬಂಪರ್ ಸೊಟ್ಟಗಾಯಿತು, ಅಷ್ಟೇ. ಬೀಟಲ್‌ನ ಮಡ್‌ಗಾರ್ಡನ್ನು ಕಾರಿನ ಬಾಡಿಯ ಮೇಲೆ ಬೋಲ್ಟ್ ಹಾಕಿ ಕೂರಿಸಿರುತ್ತಾರೆ, ನಡುವೆ ಒಂದು ಬೀಡಿಂಗ್ ಇರುತ್ತದೆ. ಬೋಲ್ಟ್ ಬಿಚ್ಚಿದರೆ ಇಡೀ ಮಡ್‌ಗಾರ್ಡ್ ಕೈಗೆ ಬರುತ್ತದೆ. ಟಿಂಕರಿಂಗ್ ಗೊತ್ತಿದ್ದವರಿಗೆ ಎರಡು ದಿನದ ಕೆಲಸ. ಆದರೆ ನಷ್ಟ ಅಳೆಯಲು ವಿಮೆ ಕಂಪನಿಯ ಕಡೆಯಿಂದ ಬಂದ ಸರ್ವೇಯರ್ ಕಾರಿನ ವಯಸ್ಸು ನೋಡಿ ಸವಕಳಿ ಕಳೆಯುತ್ತಾ ಹೋದರು, ಕೊನೆಗೆ ಉಳಿದ ಮೊತ್ತ ಒಂದು ಹಳೇ ಸ್ಕೂಟರಿಗೂ ಸಾಲದಷ್ಟಿತ್ತು. ರಿಪೇರಿ ಎಸ್ಟಿಮೇಟ್ ಅದನ್ನು ದಾಟಿತು. ಹಾಗಾಗಿ ಕಾರು 'ಟೋಟಲ್ ಲಾಸ್'. ಒಂದು ಮಡ್‌ಗಾರ್ಡಿಗಾಗಿ ಇಡೀ ಕಾರು ಗುಜರಿಗೆ! ಅದೇ ಕಾರನ್ನು ನಾನು ಸ್ಟಾರ್ಟ್ ಮಾಡಿ ಓಡಿಸಿಕೊಂಡು ಮನೆಗೆ ಬಂದಿದ್ದೆ. ಕ್ಲೇಮ್ ವಾಪಸ್ ತಗೊಂಡು ಕೈಯಿಂದಲೇ ರಿಪೇರಿ ಮಾಡಿಸಿದೆ.

ಸರ್ವೇಯರ್ ಮೇಲೆ ಸಿಟ್ಟು ಬಂದದ್ದು ನಿಜ, ಆದರೆ ಅವರು ಮಾಡಿದ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆ ಪಾಲಿಸಿಯಲ್ಲಿ ಇದ್ದದ್ದೇ ಹಾಗೆ. ಮಾಮೂಲಿ ಕಾರು ವರ್ಷ ವರ್ಷ ಬೆಲೆ ಕಳೆದುಕೊಳ್ಳುತ್ತದೆ ಎಂಬ ನಂಬಿಕೆಯ ಮೇಲೆ ನಿಂತ ಲೆಕ್ಕ ಅದು. ಹಳೇ ಕಾರಿನ ಬೆಲೆ ನಿಂತಿರುವುದು ವಯಸ್ಸಿನ ಮೇಲಲ್ಲ, ಅದನ್ನು ಹೇಗೆ ಇಟ್ಟುಕೊಂಡಿದ್ದೀರಿ ಅನ್ನುವುದರ ಮೇಲೆ. ಹಳೇ ಕಾರುಗಳ ವಿಮೆಯಲ್ಲಿ ದೊಡ್ಡ ಹೆಸರಾದ ಅಮೆರಿಕದ ಹ್ಯಾಗರ್ಟಿ ಕಂಪನಿ 1984ರಲ್ಲಿ ಶುರುವಾದದ್ದು ಕಾರುಗಳಿಗಲ್ಲ, ಮರದ ದೋಣಿಗಳಿಗೆ ವಿಮೆ ಕೊಡಲು. ಕಾರು ಆಮೇಲೆ ಬಂತು. ದೋಣಿಗೂ ಇದೇ ಕಥೆ ತಾನೆ, ವಾರ್ನಿಷ್ ಹೊಡೆದು ಜೋಪಾನ ಮಾಡಿದ್ದು ಒಂದು, ಮಳೆಯಲ್ಲಿ ಕೊಳೆತದ್ದು ಒಂದು, ಎರಡಕ್ಕೂ ವಯಸ್ಸು ಒಂದೇ. (ನಾನು ಪಾಲಿಸಿ ತಗೊಂಡಿರುವುದು ಅವರ ಹತ್ತಿರವಲ್ಲ.)

ಹೊಸ ಪಾಲಿಸಿ ಹುಡುಕುವಾಗ ನಾನು ಪ್ರೀಮಿಯಂ ಕೇಳುವುದನ್ನು ಬಿಟ್ಟು ಒಂದೇ ಪ್ರಶ್ನೆ ಕೇಳುತ್ತಾ ಹೋದೆ: ನಾಳೆ ಕಾರು ಕಳುವಾದರೆ ಎಷ್ಟು ಕೊಡಬೇಕು ಅಂತ ಯಾರು ತೀರ್ಮಾನ ಮಾಡುತ್ತಾರೆ, ಯಾವಾಗ? ಉತ್ತರ ಮೂರು ಥರ ಬಂತು. ನಷ್ಟವಾದ ಮೇಲೆ ಮಾರುಕಟ್ಟೆ ಬೆಲೆ ನೋಡಿ ಕಂಪನಿಯೇ ತೀರ್ಮಾನಿಸುವುದು ಒಂದು, ಅದರ ರುಚಿ ಆಗಲೇ ನೋಡಿದ್ದೆ. ಪಾಲಿಸಿ ಶುರುವಾಗುವ ಮುಂಚೆಯೇ ಇಬ್ಬರೂ ಕೂತು ಒಂದು ಮೊತ್ತಕ್ಕೆ ಒಪ್ಪಿ ಬರೆದಿಡುವುದು ಇನ್ನೊಂದು, ಇದೇ ಅಗ್ರೀಡ್ ವ್ಯಾಲ್ಯೂ. ಕಾರು ಪೂರ್ತಿ ಹೋದರೆ ಸವಕಳಿ ಕಳೆಯದೆ ಆ ಮೊತ್ತ ಬರುತ್ತದೆ, ನಮ್ಮ ಪಾಲಿನ ಕಡಿತವೊಂದು ಬಿಟ್ಟು.

ಮೂರನೆಯದೇ ಮೋಸದ್ದು. ಸ್ಟೇಟೆಡ್ ವ್ಯಾಲ್ಯೂ ಅನ್ನುತ್ತಾರೆ. ಒಬ್ಬ ಏಜೆಂಟ್ "ನೀವು ಎಷ್ಟು ಹೇಳ್ತೀರೋ ಅಷ್ಟು ಬರೀತೀವಿ ಸಾರ್, ನಮ್ಮದೇನೂ ತಕರಾರಿಲ್ಲ" ಅಂದರು. ಕೇಳಲು ಎಷ್ಟು ಚೆಂದ! ಪಾಲಿಸಿಯ ಮಾದರಿ ಪ್ರತಿ ತರಿಸಿಕೊಂಡು ಓದಿದರೆ ಒಳಗಡೆ ಸಣ್ಣಕ್ಷರದಲ್ಲಿ ಇತ್ತು: ನೀವು ಹೇಳಿದ ಮೊತ್ತ ಅಥವಾ ನಷ್ಟದ ದಿನದ ಮಾರುಕಟ್ಟೆ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಅಂದರೆ ಪ್ರೀಮಿಯಂ ದೊಡ್ಡ ಮೊತ್ತಕ್ಕೆ, ಪರಿಹಾರ ಸಣ್ಣ ಮೊತ್ತಕ್ಕೆ. ಮಾರುವವರೇ ಎಷ್ಟೋ ಸಲ ಈ ಎರಡನ್ನೂ ಕಲಸಿ ಮಾತಾಡುತ್ತಾರೆ. ಬಾಯಿ ಮಾತು ನಂಬಬೇಡಿ, 'ಯಾವುದು ಕಡಿಮೆಯೋ' ಅನ್ನುವ ಪದಗಳು ಇವೆಯಾ ಅಂತ ಹುಡುಕಿ.

ಅಗ್ರೀಡ್ ವ್ಯಾಲ್ಯೂ ಪಾಲಿಸಿಯ ಪ್ರೀಮಿಯಂ ನನಗೆ ಮಾಮೂಲಿ ಪಾಲಿಸಿಗಿಂತ ಕಡಿಮೆಯೇ ಬಂತು. ಪುಕ್ಕಟೆ ಅಲ್ಲ, ಶರತ್ತುಗಳಿವೆ. ದಿನದ ಓಡಾಟಕ್ಕೆ ಬೇರೆ ಗಾಡಿ ಇರಬೇಕು. ರಾತ್ರಿ ಬೀಗ ಹಾಕುವ ಶೆಡ್ಡಿನಲ್ಲಿ ನಿಲ್ಲಿಸಬೇಕು. ಬಾಡಿಗೆಗೆ ಕೊಡಬಾರದು, ರೇಸಿಗೆ ಇಳಿಸಬಾರದು. ಪಾಲಿಸಿಯಲ್ಲಿ ಹೆಸರಿದ್ದವರು ಮಾತ್ರ ಓಡಿಸಬೇಕು. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ ಕೂಡ ಐತಿಹಾಸಿಕ ವಾಹನ ಅಂದರೆ ಕನಿಷ್ಠ 30 ವರ್ಷ ಹಳೆಯದು, ಮೂಲ ಸ್ಥಿತಿಗೆ ಒಪ್ಪುವಂತೆ ಕಾಪಾಡಿದ್ದು, ದಿನನಿತ್ಯದ ಓಡಾಟಕ್ಕೆ ಬಳಸದ್ದು ಅನ್ನುತ್ತದೆ. ವಿಮೆಯವರ ಲೆಕ್ಕವೂ ಆ ದಾರಿಯಲ್ಲೇ ಇದೆ: ಕಡಿಮೆ ಓಡುತ್ತದೆ, ಹುಷಾರಾಗಿ ಓಡುತ್ತದೆ, ಹಾಗಾಗಿ ಕಡಿಮೆ ಗುದ್ದುತ್ತದೆ. ನೀವು ಅದರಲ್ಲೇ ದಿನಾ ಆಫೀಸಿಗೆ ಹೋಗುವವರಾದರೆ ಇದು ನಿಮಗಲ್ಲ. ಗೆಳೆಯರ ಮದುವೆಗೆ ಕಾರು ಒಯ್ಯಬಹುದು, ಆದರೆ ಪೆಟ್ರೋಲಿಗೆ ಅಂತ ಜೇಬಿಗೆ ತುರುಕಿದ ದುಡ್ಡೂ ಬಾಡಿಗೆ ಅನ್ನಿಸಿಕೊಳ್ಳಬಹುದು. ನಾನಂತೂ ಮುಟ್ಟುವುದಿಲ್ಲ.

ವರ್ಷಕ್ಕೆ 5000 ಕಿಲೋಮೀಟರ್ ಮಿತಿ. ನಾನು ಅರ್ಧವನ್ನೂ ದಾಟಿಲ್ಲ. ಆದರೆ ಈ ಮಿತಿಯಿಂದಲೇ ಒಂದು ತಮಾಷೆ ಆಯಿತು. ಬೀಟಲ್‌ನ ಓಡೋಮೀಟರಿಗೆ ಐದೇ ಅಂಕಿ. 99999 ಆದ ಮೇಲೆ ಮತ್ತೆ ಸೊನ್ನೆ. ನಾಲ್ಕನೇ ವರ್ಷ ಅದು ತಿರುಗಿತು. ರಿನ್ಯೂವಲ್ ಫಾರ್ಮಿನಲ್ಲಿ ಕಿಲೋಮೀಟರ್ ತುಂಬಿದರೆ ಕಂಪ್ಯೂಟರ್ ಒಪ್ಪಲಿಲ್ಲ, ಹೋದ ವರ್ಷಕ್ಕಿಂತ ಕಡಿಮೆ ಇರಲು ಸಾಧ್ಯವಿಲ್ಲ ಅಂತ. ಫೋನ್ ಮಾಡಿದರೆ ಮೀಟರ್ ಹಿಂದಕ್ಕೆ ತಿರುಗಿಸಿದ್ದೀರಾ ಅಂತ ಕೇಳಿದರು, ಕಳ್ಳನನ್ನು ಕೇಳಿದ ಹಾಗೆ. ಮೂರು ಫೋನು, ಎರಡು ಫೋಟೋ, ಹತ್ತು ದಿನ. ಕ್ಲಾಸಿಕ್ ಕಾರಿಗೆಂದೇ ಪಾಲಿಸಿ ಮಾರುವವರಿಗೆ ಹಳೇ ಮೀಟರ್ ಗೊತ್ತಿಲ್ಲದಿದ್ದರೆ ಹೇಗೆ?

ಗಾಜಿನ ಕ್ಲೇಮ್ ಎರಡನೇ ವರ್ಷದ್ದು. ಲಾರಿಯ ಚಕ್ರದಿಂದ ಸಿಡಿದ ಕಲ್ಲು, ಮುಂದಿನ ಗಾಜು ಹೋಯಿತು. ಇಲ್ಲಿ ಕೆಲಸಕ್ಕೆ ಬಂದದ್ದು 'ರಿಪೇರಿ ಮಾಡುವವರನ್ನು ನೀವೇ ಆರಿಸಬಹುದು' ಅನ್ನುವ ಒಂದು ಸಾಲು. ಇಲ್ಲದಿದ್ದರೆ ಅವರ ಪಟ್ಟಿಯ ವರ್ಕ್‌ಶಾಪಿಗೇ ಒಯ್ಯಬೇಕಿತ್ತು, ಅಲ್ಲಿ ಗಮ್ ಹಚ್ಚಿ ಅಂಟಿಸುವ ಗಾಜು ಮಾತ್ರ ಗೊತ್ತು. ನನ್ನ ಕಾರಿನದು ಚಪ್ಪಟೆ ಗಾಜು, ಸುತ್ತ ರಬ್ಬರ್. ನಮ್ಮ ಮೆಕ್ಯಾನಿಕ್ ಹೊಸ ಗಾಜಿಗೆ ರಬ್ಬರ್ ಸುತ್ತಿ, ರಬ್ಬರಿನ ತೋಡಿನಲ್ಲಿ ಸುತ್ತಲೂ ಒಂದು ದಾರ ಕೂರಿಸಿ, ಹೊರಗಿನಿಂದ ನನ್ನನ್ನು ಗಾಜು ಒತ್ತಿ ಹಿಡಿಯಲು ಹೇಳಿ, ತಾವು ಒಳಗೆ ಕೂತು ದಾರವನ್ನು ಮೆಲ್ಲಗೆ ಎಳೆಯುತ್ತಾ ಹೋದರು. ದಾರ ಬಂದ ಹಾಗೆಲ್ಲ ರಬ್ಬರಿನ ತುಟಿ ಚೌಕಟ್ಟಿನ ಮೇಲೆ ಮಗುಚಿ ಕೂತಿತು. ಬಿಲ್ ಕೊಟ್ಟೆ, ಹಣ ಬಂತು, ಮುಗಿಯಿತು.

ಬೆಂಕಿಯದು ಐದನೇ ವರ್ಷ. ಬೀಟಲ್ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಭಯ ಇದು. ಎಂಜಿನ್ ಹಿಂದೆ, ಪೆಟ್ರೋಲ್ ಹೋಸ್ ಬಿಸಿ ಎಂಜಿನ್ನಿನ ನೆತ್ತಿಯ ಮೇಲೆ. ಹೋಸ್ ಒಣಗಿ ಬಿರುಕು ಬಿಟ್ಟರೆ ಹನಿ ನೇರ ಬಿಸಿಯ ಮೇಲೆ. ಮೇಲಾಗಿ ಎಂಜಿನ್ನಿನ ಹೊರಕವಚವಾದ ಕ್ರ್ಯಾಂಕ್‌ಕೇಸ್ ಮೆಗ್ನೀಸಿಯಂ ಮಿಶ್ರಲೋಹದ್ದು, ಅದಕ್ಕೆ ಬೆಂಕಿ ಹತ್ತಿದರೆ ನೀರು ಹಾಕುವಂತಿಲ್ಲ, ಹಾಕಿದರೆ ಇನ್ನೂ ಭುಗಿಲೇಳುತ್ತದೆ. ಪೆಟ್ರೋಲ್ ವಾಸನೆ ಬಂದು ನಿಲ್ಲಿಸಿದೆ, ಹಿಂದಿನ ಮುಚ್ಚಳ ಎತ್ತಿದಾಗ ಕಾರ್ಬ್ಯುರೇಟರ್ ಸುತ್ತ ಉರಿ. ಸೀಟಿನ ಕೆಳಗಿದ್ದ ಡ್ರೈ ಪೌಡರ್ ಸಿಲಿಂಡರ್ ಕಾರು ಉಳಿಸಿತು. ವೈರಿಂಗ್, ಕಾರ್ಬ್ಯುರೇಟರ್, ಮುಚ್ಚಳದ ಪೇಂಟ್ ಹೋದವು.

ಈ ಸಲದ ಸರ್ವೇಯರ್ ಹೊಸ ಹುಡುಗ. ನೇರ ಹೋಗಿ ಮುಂದಿನ ಬಾನೆಟ್ ಎತ್ತಿದರು, ಅಲ್ಲಿ ಸ್ಟೆಪ್ನಿ ಮತ್ತು ಪೆಟ್ರೋಲ್ ಟ್ಯಾಂಕ್. "ಎಂಜಿನ್ ಎಲ್ಲಿ ಸಾರ್?" ಫಾರ್ಮಿನಲ್ಲಿ ರೇಡಿಯೇಟರ್ ಸ್ಥಿತಿ ಅಂತ ಒಂದು ಕಾಲಂ ಬೇರೆ, ಗಾಳಿಯಿಂದ ತಣಿಯುವ ಎಂಜಿನ್ನಿಗೆ! ಇಬ್ಬರೂ ನಕ್ಕೆವು. ಆಮೇಲೆ ಅವರು ಡೈನಮೊ ಕೂರುವ ಪೀಠದ ಕೆಳಗೆ ಟಾರ್ಚ್ ಬಿಟ್ಟು, ಮಸಿ ಒರೆಸಿ ಎಂಜಿನ್ ನಂಬರ್ ಬರೆದುಕೊಂಡರು, ನಗು ಅಲ್ಲಿಗೆ ನಿಂತಿತು. ಪಾಲಿಸಿಯಲ್ಲಿದ್ದ ನಂಬರೇ ಬೇರೆ. ಪಾಲಿಸಿ ತಗೊಂಡ ಮೇಲೆ ನಾನು ಎಂಜಿನ್ ಬದಲಿಸಿದ್ದೆ, ಕಂಪನಿಗೆ ತಿಳಿಸಿರಲಿಲ್ಲ. ಮರೆತೆ ಅನ್ನುವುದಕ್ಕಿಂತ, ಅದೇ ಮಾದರಿಯ ಎಂಜಿನ್ ತಾನೆ, ಏನು ಮಹಾ ಅಂದುಕೊಂಡಿದ್ದೆ. ಐದು ವಾರ ಫೈಲ್ ಅಲುಗಲಿಲ್ಲ. ಎಂಜಿನ್ ಕೊಂಡ ಬಿಲ್, ಕೂರಿಸುವಾಗ ಮೆಕ್ಯಾನಿಕ್ ತಮಾಷೆಗೆ ತೆಗೆದಿದ್ದ ಫೋಟೋ, ಇವು ಸಿಗದಿದ್ದರೆ ಕ್ಲೇಮ್ ಬಿದ್ದೇ ಹೋಗುತ್ತಿತ್ತು.

ಕೊನೆಗೆ ಹಣ ಬಂತು, ಹೋಸ್ ಒಂದನ್ನು ಬಿಟ್ಟು. ಹೋಸ್ ಸವೆದು ಹೋದದ್ದು ಸವೆತ, ಅದಕ್ಕೆ ವಿಮೆ ಇಲ್ಲ. ಅದರಿಂದ ಹತ್ತಿದ ಬೆಂಕಿಗೆ ಇದೆ. ನ್ಯಾಯವೇ. ಬೇಜಾರಾದದ್ದು ಬಿಡಿಭಾಗಗಳ ವಿಷಯಕ್ಕೆ. ಶೆಡ್ಡಿನಲ್ಲಿ ಕೂಡಿಟ್ಟ ಸ್ಪೇರ್‌ಗಳಿಗೂ ವಿಮೆ ಇದೆ ಅಂತ ಹೇಳಿ ಮಾರಿದ್ದರು. ಆದರೆ ಪಟ್ಟಿ ಮಾಡಿ ಕೊಟ್ಟವಕ್ಕೆ ಮಾತ್ರ ಅನ್ನುವುದು ಆಮೇಲೆ ಗೊತ್ತಾಯಿತು. ಸದ್ಯ, ನನ್ನವು ಸುಟ್ಟಿರಲಿಲ್ಲ.

ಕಾರು ನಾಲ್ಕು ತಿಂಗಳು ಗ್ಯಾರೇಜಿನಲ್ಲಿ ನಿಂತಿತು. ಆ ನಡುವೆ ರಿನ್ಯೂವಲ್ ಬಂದಾಗ 'ಲೇಡ್ ಅಪ್' ಕವರಿಗೆ ಇಳಿಸಿದರು, ನಿಂತಲ್ಲೇ ಬೆಂಕಿ, ಕಳವು ಇವಕ್ಕಷ್ಟೇ, ಪ್ರೀಮಿಯಂ ತುಂಬಾ ಕಡಿಮೆ. ಒಳ್ಳೇ ಸೌಲಭ್ಯ. ಆದರೆ ರಿಪೇರಿ ಮುಗಿದ ದಿನ ಮೆಕ್ಯಾನಿಕ್ ಟ್ರಯಲ್ ನೋಡಲು ರಸ್ತೆಗಿಳಿಸಲು ಹೊರಟಿದ್ದರು. ಕವರ್ ಪೂರ್ತಿಗೆ ಏರಿಸಿರಲಿಲ್ಲ, ಅವರ ಹೆಸರೂ ಪಾಲಿಸಿಯಲ್ಲಿ ಇರಲಿಲ್ಲ. ಗೇಟಿನಲ್ಲೇ ತಡೆದೆ. ಅವರಿಗೆ ಇವತ್ತಿಗೂ ನನ್ನ ಮೇಲೆ ಸ್ವಲ್ಪ ಮುನಿಸು.

ಇನ್ನೊಂದು ಕೊರತೆ, ಒಪ್ಪಿದ ಮೊತ್ತವನ್ನು ಕಂಪನಿ ತಾನಾಗಿ ಯಾವತ್ತೂ ಪರಿಷ್ಕರಿಸುವುದಿಲ್ಲ. ಹೊಸ ಪೇಂಟ್, ಹೊಸ ಎಂಜಿನ್, ಹೊಸ ವೈರಿಂಗ್ ಆದಮೇಲೂ ನನ್ನ ಪಾಲಿಸಿಯಲ್ಲಿ ಮೊದಲ ವರ್ಷದ ಮೊತ್ತವೇ ಕೂತಿತ್ತು. ಈಗ ಎರಡು ವರ್ಷಕ್ಕೊಮ್ಮೆ ನಾನೇ ಮೌಲ್ಯಮಾಪನ ಮಾಡಿಸಿ ಕಳಿಸುತ್ತೇನೆ. ಹಾಗೆಯೇ ಟೋಟಲ್ ಲಾಸ್ ಆದರೆ ಉಳಿದ ಕಾರನ್ನು ನಾವೇ ಇಟ್ಟುಕೊಳ್ಳಬಹುದಾ, ಅದಕ್ಕೆ ಎಷ್ಟು ಕಳೆಯುತ್ತಾರೆ ಅಂತ ಮೊದಲೇ ಬರಹದಲ್ಲಿ ತಗೊಂಡಿದ್ದೇನೆ. ಚಾಸಿಯನ್ನು ಗುಜರಿಯವನ ಕೈಗೆ ಕೊಡುವ ಮನಸ್ಸು ನನಗಿಲ್ಲ.

ಒಟ್ಟು ಐದರಲ್ಲಿ ನಾಲ್ಕು ಕೊಡುತ್ತೇನೆ, ಒಂದು ಆ ಓಡೋಮೀಟರಿಗೆ ಕಳೆದೆ. ಮುಂದಿನ ತಿಂಗಳು ಮತ್ತೆ ರಿನ್ಯೂವಲ್. ಫೋಟೋ ತೆಗೆಯಲು ನಿನ್ನೆ ಹಿಂದಿನ ಸೀಟು ಎತ್ತಿದೆ, ಚಾಸಿ ನಂಬರ್ ಇರುವುದು ಅಲ್ಲೇ. ಪಕ್ಕದಲ್ಲಿ ಬ್ಯಾಟರಿ, ಅದರ ಮೇಲೆ ಮುಚ್ಚಳವಿಲ್ಲ. ಸೀಟಿನ ಸ್ಪ್ರಿಂಗ್ ಟರ್ಮಿನಲ್‌ಗೆ ತಾಗಿದರೆ ಇನ್ನೊಂದು ಬೆಂಕಿ. ಫೋಟೋ ಆಮೇಲೆ ಅಂತ ಮೊದಲು ಒಂದು ರಬ್ಬರ್ ಶೀಟ್ ಕತ್ತರಿಸಿ ಮುಚ್ಚಿದೆ.